ಬುಟ್ಟಿಯ ಹಾಗೆ ಕಾಣುವ ಮರದ ತಟ್ಟೆ: ಒಂದು ವುಡ್‌ಟರ್ನಿಂಗ್ ಕೋರ್ಸ್, ಮತ್ತು ಅದು ಹೇಳದೆ ಬಿಟ್ಟ ಹೆಸರುಗಳು

ಮೂರು ತಿಂಗಳು ಒಂದೇ ಆನ್‌ಲೈನ್ ಕೋರ್ಸ್ ಹಿಡಿದು ಕೂತಿದ್ದೆ. ಲೇತ್‌ನಲ್ಲಿ, ಅಂದರೆ ಮರವನ್ನು ತಿರುಗಿಸುತ್ತಾ ಉಳಿ ಹಿಡಿದು ಕಡೆಯುವ ಯಂತ್ರದಲ್ಲಿ, ಮಾಡಿದ ಮರದ ತಟ್ಟೆ ನೋಡುವವರ ಕಣ್ಣಿಗೆ ಥೇಟ್ ಹೆಣೆದ ಬುಟ್ಟಿಯ ಹಾಗೆ ಕಾಣಬೇಕು, ಅದನ್ನು ಕಲಿಸುವ ಕೋರ್ಸ್. ವುಡ್‌ಟರ್ನಿಂಗ್ ಮಾಡುವವರು ಇದನ್ನು ಬಾಸ್ಕೆಟ್ ಇಲ್ಯೂಷನ್ ಅನ್ನುತ್ತಾರೆ. 14 ಪಾಠ, ಹತ್ತಿರ ಹತ್ತಿರ 11 ಗಂಟೆ ವಿಡಿಯೊ, ಜೊತೆಗೆ ಪ್ರಿಂಟ್ ಹಾಕಿಕೊಳ್ಳಲು 6 ಡಿಸೈನ್ ಹಾಳೆಗಳು. ಪೂರ್ತಿ ಮುಗಿಸಿದ್ದೇನೆ. ಎರಡು ತಟ್ಟೆ ಮಾಡಿದ್ದೇನೆ, ಮೂರನೆಯದು ಅರ್ಧ ಆಗಿದೆ. ಕೈಕೆಲಸದ ಮಟ್ಟಿಗೆ ನಾನು ನೋಡಿದ ಕೋರ್ಸ್‌ಗಳಲ್ಲೇ ಇದು ಒಳ್ಳೆಯದು. ಆದರೆ ಇದರಲ್ಲಿ ಒಂದು ದೊಡ್ಡ ಕೊರತೆ ಇದೆ, ಆ ಕೊರತೆಯಿಂದ ನನ್ನ ಮೊದಲ ತಟ್ಟೆಯೇ ತಪ್ಪಾಯಿತು. ಹಾಗಾಗಿ ರಿವ್ಯೂ ಸ್ವಲ್ಪ ಉದ್ದ ಆಗುತ್ತದೆ.

ಕೋರ್ಸ್‌ನ ಹೆಸರು ಬರೆಯುತ್ತಿಲ್ಲ. ಇದೇ ಕೊರತೆ ನಾನು ನೋಡಿದ ಬೇರೆ ಕೋರ್ಸ್‌ಗಳಲ್ಲೂ ಇದೆ, ಒಬ್ಬರನ್ನೇ ಹಿಡಿದು ನಿಲ್ಲಿಸುವುದು ನ್ಯಾಯ ಅನ್ನಿಸಲಿಲ್ಲ. ಪಾಠ ಮಾಡಿದವರನ್ನು ಇಲ್ಲಿ ಮೇಷ್ಟ್ರು ಅಂತಲೇ ಕರೆಯುತ್ತೇನೆ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಗಂಟಿಲ್ಲದ, ತಿಳಿ ಬಣ್ಣದ ಗಟ್ಟಿ ಮರ ಬೇಕು. ಮೇಪಲ್ ಸಿಕ್ಕರೆ ಒಳ್ಳೆಯದು, ಅದರ ಎಳೆ ಸಣ್ಣ, ಇಂಕ್ ಹರಡುವುದು ಕಡಿಮೆ. ಸುಮಾರು 25 ಸೆಂಟಿಮೀಟರ್ ಅಗಲದ ತಟ್ಟೆ ಕಡೆದು, ಅದರ ಮೈಮೇಲೆ ಬೀಡಿಂಗ್ ಟೂಲ್‌ನಿಂದ (ತುದಿಯಲ್ಲಿ ಎರಡು ತುಟಿಯ ನಡುವೆ ಅರ್ಧವೃತ್ತ ಕೊರೆದ ಉಳಿ) 3 ಮಿಲಿಮೀಟರ್ ಅಗಲದ ಉಬ್ಬು ಸುತ್ತುಗಳನ್ನು ಒಂದರ ಪಕ್ಕ ಒಂದು ತೆಗೆಯುತ್ತಾ ಹೋಗಬೇಕು. ಅಂಚಿನಿಂದ ನಡುವಿನವರೆಗೆ ಸುಮಾರು 40 ಸುತ್ತು. ಆಮೇಲೆ ಎರಡು ಸುತ್ತುಗಳ ನಡುವಿನ ಗೆರೆಯನ್ನು ಸುಟ್ಟು ಕಪ್ಪು ಮಾಡಬೇಕು. ಆಮೇಲೆ ಲೇತ್‌ನ ಇಂಡೆಕ್ಸ್, ಅಂದರೆ ತಟ್ಟೆಯನ್ನು ಸಮ ಅಂತರದಲ್ಲಿ ತಿರುಗಿಸಿ ನಿಲ್ಲಿಸುವ ಕೀಲಿ, ಹಾಕಿ ತಟ್ಟೆಯನ್ನು 96 ಭಾಗ ಮಾಡಿ, ನಡುವಿನಿಂದ ಅಂಚಿಗೆ ಪೆನ್ಸಿಲ್ ಗೆರೆ ಎಳೆದು, ಆ ಗೆರೆ ಹಿಡಿದು ಪ್ರತಿ ಉಬ್ಬಿನ ಮೇಲೂ ಸುಡುವ ಪೆನ್ನಿಂದ ಒಂದೊಂದು ಅಡ್ಡ ಗೆರೆ. ಒಳಗೆ ಹೋದಂತೆ ಜಾಗ ಕಿರಿದಾಗುತ್ತದೆ, ಅಲ್ಲಿ 48 ಭಾಗ, ಇನ್ನೂ ಒಳಗೆ 24. ಲೆಕ್ಕ ಹಾಕಿದೆ, ಒಂದು ಮುಖಕ್ಕೇ ಸುಮಾರು 3,000 ಪುಟ್ಟ ಚೌಕಗಳು. ಡಿಸೈನ್ ಹಾಳೆ ನೋಡಿಕೊಂಡು ಅವುಗಳಲ್ಲಿ ಬೇಕಾದ ಚೌಕಕ್ಕೆ ಇಂಡಿಯನ್ ಇಂಕ್ ಪೆನ್ನಿಂದ ಬಣ್ಣ ತುಂಬಬೇಕು. ಎರಡು ಹೆಜ್ಜೆ ದೂರ ನಿಂತು ನೋಡಿದರೆ ಮರ ಕಾಣುವುದೇ ಇಲ್ಲ. ಹೆಣೆದ ಬುಟ್ಟಿ.

ಮೇಷ್ಟ್ರು ಇದನ್ನು ಕಲಿಸುವ ರೀತಿ ನಿಜಕ್ಕೂ ದೊಡ್ಡದು. 4ನೇ ಪಾಠದಲ್ಲಿ 50 ನಿಮಿಷ ಒಂದೇ ಉಬ್ಬಿನ ಬಗ್ಗೆ ಮಾತಾಡುತ್ತಾರೆ. ಬೀಡಿಂಗ್ ಟೂಲ್ ಒತ್ತಬಾರದು, ಟೂಲ್ ರೆಸ್ಟ್ (ಉಳಿ ಊರಲು ಇರುವ ಪಟ್ಟಿ) ಮೇಲೆ ಇಟ್ಟು ಎಡಕ್ಕೆ ಬಲಕ್ಕೆ ಮೆಲ್ಲಗೆ ತೂಗಬೇಕು. ಉಬ್ಬು ಮೂಡುತ್ತಾ ಬಂದಂತೆ ಅದರ ನೆತ್ತಿಯಲ್ಲಿ ಒಂದು ಸಪಾಟು ಪಟ್ಟಿ ಉಳಿದಿರುತ್ತದೆ. ಅದು ದಾರದಷ್ಟು ಸಣ್ಣಗಾಗಿ ಮಾಯವಾಗುವ ಹೊತ್ತಿಗೆ ಕೈ ನಿಲ್ಲಿಸಬೇಕು. ಒಂದು ಕ್ಷಣ ಜಾಸ್ತಿ ಆದರೆ ನೆತ್ತಿ ಕಿತ್ತು ಬರುತ್ತದೆ, ನೂಲು ನೂಲಾಗುತ್ತದೆ. ತಿರುಗುತ್ತಿರುವ ಮರದಲ್ಲಿ ಅದು ಕಾಣುವುದು ಹೇಗೆ? ಮೇಷ್ಟ್ರು ಮೊದಲೇ ಮೈಮೇಲೆಲ್ಲ ಪೆನ್ಸಿಲ್ ಗೀಚಿಬಿಡುತ್ತಾರೆ. ಪೆನ್ಸಿಲ್ ಬಣ್ಣ ನೆತ್ತಿಯಿಂದ ಅಳಿಸಿಹೋಯಿತು ಅಂದರೆ ಉಬ್ಬು ಆಯಿತು. ಇಷ್ಟು ಸರಳ ಉಪಾಯ ನನಗೆ ಎಷ್ಟೋ ವರ್ಷ ಹೊಳೆದಿರಲಿಲ್ಲ. ಮುಂದಿನ ಉಬ್ಬಿಗೆ ಟೂಲ್‌ನ ಒಂದು ತುಟಿಯನ್ನು ಹಿಂದಿನ ಗೆರೆಯಲ್ಲೇ ಕೂರಿಸಬೇಕು, ಆಗ ಸುತ್ತುಗಳ ನಡುವೆ ಸಂದು ಬೀಳುವುದಿಲ್ಲ. ಹತ್ತನೇ ಸುತ್ತಿನ ಹೊತ್ತಿಗೆ ಕೈಗೆ ಒಂದು ಲಯ ಬರುತ್ತದೆ. ಮರದ ಸದ್ದು ಕೂಡ ಬದಲಾಗುತ್ತದೆ, ಕೊರೆಯುವಾಗಿನ ಗರಗರ ಹೋಗಿ ಉಬ್ಬು ಮುಗಿಯುವಾಗ ಒಂದು ಸಣ್ಣ ಸುಯ್ ಅನ್ನುವ ಸದ್ದು.

ಸುಡುವ ಪಾಠವೂ ಚೆನ್ನಾಗಿದೆ. ತಿರುಗುವ ಮರದ ಗೆರೆಗೆ ತಂತಿ ಒತ್ತಿ ಹಿಡಿದರೆ ಉಜ್ಜುವ ಬಿಸಿಗೆ ಗೆರೆ ಸುಡುತ್ತದೆ, ಆದರೆ ತಟ್ಟೆಯ ಮುಖದ ಗೆರೆಗಳಿಗೆ ತಂತಿ ಹಿಡಿಯಲು ಆಗುವುದಿಲ್ಲ. ಅಲ್ಲಿ ತೆಳು ಲ್ಯಾಮಿನೇಟ್ ಚೂರಿನ ಅಂಚನ್ನು ಗೆರೆಯಲ್ಲಿ ಒತ್ತಿ ಹಿಡಿದರೆ ಉಜ್ಜುವ ಬಿಸಿಗೇ ಹೊಗೆ ಎದ್ದು ಗೆರೆ ಕಪ್ಪಾಗುತ್ತದೆ. ಹೊರ ಅಂಚಿಗೆ ತಂತಿ ಬಳಸುವವರು ಅದನ್ನು ಬೆರಳಿಗೆ ಸುತ್ತಿಕೊಳ್ಳಲೇಬಾರದು, ಎರಡು ತುದಿಗೂ ಮರದ ಹಿಡಿ ಇರಬೇಕು ಅಂತ ಮೂರು ಸಲ ಹೇಳುತ್ತಾರೆ. ಹೇಳಲೇಬೇಕು, ತಂತಿ ಸಿಕ್ಕಿಕೊಂಡರೆ ಬೆರಳು ಹೋಗುತ್ತದೆ. ಹೊಗೆಗೆ ಫ್ಯಾನ್, ಧೂಳಿಗೆ ಮಾಸ್ಕ್. ಕೊನೆಯ ಪಾಲಿಶ್ ಬ್ರಶ್‌ನಿಂದ ಹಚ್ಚಿದರೆ ಇಂಕ್ ಕದಡುವ ಭಯ, ಅದಕ್ಕೆ ಸ್ಪ್ರೇ, ತೆಳ್ಳಗೆ ಹಲವು ಸಲ. ಇದೆಲ್ಲ ಅವರು ಹೇಳಿದ ಹಾಗೇ ಮಾಡಿದೆ, ಹೇಳಿದ ಹಾಗೇ ಬಂತು.

ಸಣ್ಣಪುಟ್ಟ ದೂರುಗಳು: 2ನೇ ಪಾಠದಲ್ಲಿ ಟೂಲ್ ಹರಿತ ಮಾಡುವುದನ್ನು ಓಡಿಸಿಬಿಟ್ಟಿದ್ದಾರೆ, 6ನೇ ಪಾಠದಲ್ಲಿ ಲೇತ್ ಸದ್ದಿನಲ್ಲಿ ಅರ್ಧ ಮಾತು ಕೇಳುವುದಿಲ್ಲ. ಇವು ದೊಡ್ಡ ವಿಷಯ ಅಲ್ಲ.

ದೊಡ್ಡ ವಿಷಯಕ್ಕೆ ಬರುತ್ತೇನೆ.

ಮೊದಲ ತಟ್ಟೆಗೆ ನಾನು ಆರಿಸಿಕೊಂಡಿದ್ದು 3ನೇ ಡಿಸೈನ್ ಹಾಳೆ. ನಡುವೆ ಬಿಳಿ, ಅದರ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಕಪ್ಪು, ಆಮೇಲೆ ಒಂದು ಕೆಂಪು ಪಟ್ಟಿ, ಅದರಾಚೆ ಹೊರಗೆ ಮುಖ ಮಾಡಿದ ಕಪ್ಪು ಮೆಟ್ಟಿಲುಗಳು, ಮತ್ತೆ ಬಿಳಿ. ತುಂಬಾ ಚೆಂದದ ಡಿಸೈನ್. ಹಾಳೆಯ ಮೇಲೆ ಬರೆದಿದ್ದು ಇಷ್ಟೇ: 'ಡಿಸೈನ್ 3, ಸಾಂಪ್ರದಾಯಿಕ'. ಯಾರ ಸಂಪ್ರದಾಯ ಅಂತ ಇಲ್ಲ. ನಾನೂ ಕೇಳಿಕೊಳ್ಳಲಿಲ್ಲ. ಐದು ವಾರ ಸಂಜೆ ಸಂಜೆ ಕೂತು ಚೌಕ ತುಂಬಿದೆ. ಮುಗಿದ ಮೇಲೆ ಒಂದು ಕೈಕೆಲಸದ ಪ್ರದರ್ಶನದಲ್ಲಿ ಇಟ್ಟೆ. ಪಕ್ಕದಲ್ಲಿ ಒಂದು ಕಾರ್ಡ್, ಅದರಲ್ಲಿ ನನ್ನ ಹೆಸರು, ಮರದ ಹೆಸರು, ಅಳತೆ.

ಬಂದವರೆಲ್ಲ ಬೆರಳಲ್ಲಿ ಮುಟ್ಟಿ ನೋಡಿ ಅಯ್ಯೋ ಇದು ಮರವಾ ಅಂದರು. ಖುಷಿಯಾಯಿತು. ಆಮೇಲೆ ಒಬ್ಬ ಹಿರಿಯ ಟರ್ನರ್ ಬಂದರು. ಕನ್ನಡಕ ಮೇಲಕ್ಕೆ ಏರಿಸಿ ತುಂಬಾ ಹೊತ್ತು ನೋಡಿದರು. "ಡಿಸೈನ್ ನಿಮ್ಮದೇನಾ?" ಅಂತ ಕೇಳಿದರು. "ಹೌದು ಸರ್, ನಾನೇ ಮಾಡಿದ್ದು" ಅಂದೆ. ಅವರು ಕೇಳಿದ್ದು ಒಂದು, ನಾನು ಹೇಳಿದ್ದು ಇನ್ನೊಂದು, ಅದು ಆಗ ನನಗೆ ಗೊತ್ತಾಗಲಿಲ್ಲ. ಅವರು ತಟ್ಟೆಯನ್ನು ಕೈಯಲ್ಲಿ ಒಂದು ಸುತ್ತು ಪೂರ್ತಿ ತಿರುಗಿಸಿದರು. ಆಮೇಲೆ ಕೇಳಿದರು: "ಇದರಲ್ಲಿ ದಾರಿ ಎಲ್ಲಿ?"

ನನಗೆ ಅರ್ಥ ಆಗಲಿಲ್ಲ. ಅವರೇ ಕೂತು ಹೇಳಿದರು. ಇದು ಅಮೆರಿಕದ ಮೂಲನಿವಾಸಿಗಳಾದ ನವಾಹೋ ಜನರ ಮದುವೆ ಬುಟ್ಟಿಯ ಡಿಸೈನ್. ನಿಜವಾದ ಬುಟ್ಟಿಯಲ್ಲಿ ಆ ಕಪ್ಪು ಕೆಂಪು ಪಟ್ಟಿ ಪೂರ್ತಿ ಸುತ್ತಿಕೊಳ್ಳುವುದಿಲ್ಲ. ಒಂದು ಕಡೆ ಅದು ಕಡಿದಿರುತ್ತದೆ. ನಡುವಿನ ಬಿಳಿಯಿಂದ ಹೊರಗಿನ ಬಿಳಿಗೆ ಒಂದು ಕಿರಿದಾದ ದಾರಿ. ಅಂಚಿನ ಹೆಣಿಗೆ ಮುಗಿಯುವುದೂ ಆ ದಾರಿಯ ನೇರಕ್ಕೇ. ಮದುವೆಯಲ್ಲಿ, ಬೇರೆ ವಿಧಿಗಳಲ್ಲಿ ಬುಟ್ಟಿ ಇಡುವಾಗ ಆ ದಾರಿ ಪೂರ್ವಕ್ಕೆ ಮುಖ ಮಾಡಿರಬೇಕು. ಆ ಬುಟ್ಟಿಯಲ್ಲಿ ಬೇರೆ ಏನು ಮರೆತರೂ ಅದನ್ನು ಮರೆಯುವ ಹಾಗಿಲ್ಲ.

ನಮ್ಮ ಹಾಳೆಯಲ್ಲಿ ಅದು ಮುಚ್ಚಿಹೋಗಿತ್ತು. ಯಾರೋ ಒಬ್ಬರು 96 ಭಾಗಕ್ಕೆ ಸರಿಯಾಗಿ ಹೊಂದಲಿ ಅಂತ, ನಾಲ್ಕೂ ಕಡೆ ಒಂದೇ ಥರ ಕಾಣಲಿ ಅಂತ ಮುಚ್ಚಿರಬೇಕು. ನಾನು ಅದನ್ನೇ 3,000 ಚೌಕದಲ್ಲಿ ತಪ್ಪಿಲ್ಲದೆ ತುಂಬಿದ್ದೆ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಯಾರೋ ನನ್ನನ್ನು ಬೈದರು ಅಂತ ಅಲ್ಲ, ಅವರು ಬೈಯಲೇ ಇಲ್ಲ. ಹಾಳೆಯ ಮೇಲೆ 'ನವಾಹೋ ಮದುವೆ ಬುಟ್ಟಿಯಿಂದ' ಅಂತ ಒಂದೇ ಒಂದು ಸಾಲು ಇದ್ದಿದ್ದರೆ ಸಾಕಿತ್ತು. ನಾನು ಹುಡುಕುತ್ತಿದ್ದೆ, ನಿಜವಾದ ಬುಟ್ಟಿಯ ಫೋಟೊ ನೋಡುತ್ತಿದ್ದೆ, ದಾರಿ ನನ್ನ ಕಣ್ಣಿಗೇ ಬೀಳುತ್ತಿತ್ತು. ಹೆಸರು ಹೇಳುವುದು ಬರೀ ಮರ್ಯಾದೆಯ ವಿಷಯ ಅಂತ ನಾನು ಅಂದುಕೊಂಡಿದ್ದೆ. ಕಲಿಯುವವನಿಗೆ ಅದು ಮೂಲಕ್ಕೆ ಹೋಗುವ ಬಾಗಿಲು, ಆ ಬಾಗಿಲು ಇಲ್ಲದ ಪಾಠ ಅರ್ಧ ಪಾಠ.

ಆಮೇಲೆ ನಾನೇ ಓದಲು ಶುರು ಮಾಡಿದೆ. ಈ ಬುಟ್ಟಿಗಳನ್ನು ನವಾಹೋ ಹೆಣೆಗಾರರಷ್ಟೇ ಹೆಣೆದಿಲ್ಲ, ನೆರೆಯ ಯೂಟ್ ಮತ್ತು ಪೈಯೂಟ್ ಜನರೂ ಅವರಿಗಾಗಿ ಹೆಣೆದು ಕೊಟ್ಟಿದ್ದಾರೆ. ಅಂದರೆ 'ನವಾಹೋ' ಅನ್ನುವ ಒಂದು ಹೆಸರಿನ ಹಿಂದೆಯೂ ಇನ್ನಷ್ಟು ಕೈಗಳಿವೆ. ಮರದಲ್ಲಿ ಬುಟ್ಟಿಯ ಭ್ರಮೆ ಕಟ್ಟಿದ ಮೊದಲಿಗರಲ್ಲಿ ಲಿಂಕನ್ ಸೀಟ್ಜ್‌ಮನ್ ಅನ್ನುವ ಅಮೆರಿಕದ ಟರ್ನರ್ ಹೆಸರು ಬರುತ್ತದೆ. ಡೇವಿಡ್ ನಿಟ್‌ಮನ್ ಇದನ್ನು ತಮ್ಮದೇ ದಾರಿಯಲ್ಲಿ ಬೆಳೆಸಿ ಬೇರೆಯವರಿಗೂ ಕಲಿಸಿದರು. ಇವರಿಬ್ಬರ ಕೆಲಸದ ಫೋಟೊಗಳನ್ನು ನೋಡಿದ ಮೇಲೆ ನಮ್ಮ ಕೋರ್ಸ್‌ನ ಎಷ್ಟೋ ಸಂಗತಿಗಳ ಬೇರು ಎಲ್ಲಿದೆ ಅಂತ ತಿಳಿಯಿತು. 11 ಗಂಟೆಯ ವಿಡಿಯೊದಲ್ಲಿ ಇಬ್ಬರ ಹೆಸರೂ ಒಂದು ಸಲವೂ ಬಂದಿರಲಿಲ್ಲ.

ಓದುತ್ತಾ ಓದುತ್ತಾ ಸಿಕ್ಕ ಇನ್ನೊಂದು ಹೆಸರು ದತ್ ಸೋ ಲಾ ಲೀ. ಅಮೆರಿಕದ ಇನ್ನೊಂದು ಮೂಲನಿವಾಸಿ ಜನಾಂಗವಾದ ವಾಶೋ ಜನಾಂಗದ ಹೆಣೆಗಾರ್ತಿ, ಲೂಯಿಸಾ ಕೀಸರ್ ಅಂತಲೂ ಕರೆಯುತ್ತಾರೆ, ತೀರಿಕೊಂಡಿದ್ದು 1925ರಲ್ಲಿ. ವಿಲ್ಲೋ ಕಡ್ಡಿಯ ಮೇಲೆ ಕೆಂಪು ಕಪ್ಪು ಎಳೆಗಳಲ್ಲಿ ಜ್ವಾಲೆಯಂಥ ಗುರುತುಗಳನ್ನು ಸಾಲಾಗಿ ಹೆಣೆಯುತ್ತಿದ್ದರು. ಬುಡ ಸಣ್ಣ, ಹೊಟ್ಟೆ ದೊಡ್ಡ, ಬಾಯಿ ಮತ್ತೆ ಸಣ್ಣ, ಆ ಆಕಾರಕ್ಕೆ ದೇಗಿಕುಪ್ ಅನ್ನುತ್ತಾರೆ. ಅವರ ಬುಟ್ಟಿಗಳನ್ನು ಕೊಂಡು ಮಾರುತ್ತಿದ್ದ ವ್ಯಾಪಾರಿ ದಂಪತಿ ಅದೆಲ್ಲ ಪುರಾತನ ವಿಧಿಯ ಬುಟ್ಟಿ ಅಂತ ಕಥೆ ಕಟ್ಟಿ ಪ್ರಚಾರ ಮಾಡಿದರು. ಆ ಕಥೆಗಳಲ್ಲಿ ಬಹುಪಾಲು ಕಟ್ಟಿದ್ದು, ಆ ಶೈಲಿ ಬಹುಮಟ್ಟಿಗೆ ಈಕೆಯದೇ ಸೃಷ್ಟಿ ಅಂತ ಆಮೇಲೆ ಕಲೆಯ ಇತಿಹಾಸ ಬರೆದವರು ತೋರಿಸಿದರು. ನೋಡಿ, ಒಬ್ಬ ಹೆಂಗಸು ತನ್ನ ತಲೆಯಿಂದ, ತನ್ನ ಬೆರಳಿಂದ ಹೊಸದೊಂದನ್ನು ಮಾಡಿದರೆ ಅದಕ್ಕೆ 'ಸಂಪ್ರದಾಯ' ಅಂತ ಹೆಸರಿಟ್ಟರು. ಸಂಪ್ರದಾಯ ಅಂದ ಕೂಡಲೇ ಮಾಡಿದವರು ಯಾರು ಅಂತ ಕೇಳುವುದೇ ಇಲ್ಲ. 'ಡಿಸೈನ್ 3, ಸಾಂಪ್ರದಾಯಿಕ' ಅನ್ನುವ ಸಾಲು ಓದಿದಾಗೆಲ್ಲ ನನಗೆ ಈಗ ಇವರು ನೆನಪಾಗುತ್ತಾರೆ.

ಕಾನೂನಿನ ಮಾತೂ ಸ್ವಲ್ಪ ಹೇಳಬೇಕು, ಯಾಕೆಂದರೆ ಈ ವಿಷಯ ತೆಗೆದಾಗೆಲ್ಲ "ಕಾಪಿರೈಟ್ ಇಲ್ಲವಲ್ಲ, ಮತ್ತೇನು?" ಅನ್ನುವವರು ಸಿಗುತ್ತಾರೆ. ಕೆಲಸ ಮಾಡುವ ವಿಧಾನಕ್ಕೆ ಕಾಪಿರೈಟ್ ಇಲ್ಲ, ನಿಜ. ಐಡಿಯಾಗೂ ಇಲ್ಲ. ಬಟ್ಟಲಿನ ಆಕಾರಕ್ಕಂತೂ ಒಡೆಯರೇ ಇಲ್ಲ. ಈಜಿಪ್ಟ್‌ನ ಪೆಟೊಸಿರಿಸ್ ಸಮಾಧಿಯ ಗೋಡೆಯಲ್ಲಿ ಒಬ್ಬ ಹಗ್ಗ ಎಳೆದು ತಿರುಗಿಸುವ, ಇನ್ನೊಬ್ಬ ಉಳಿ ಹಿಡಿಯುವ ಲೇತ್‌ನ ಚಿತ್ರ ಇದೆ, ಅದಕ್ಕೆ ಸುಮಾರು 2,300 ವರ್ಷ. ಇಷ್ಟು ಹಳೆಯ ಕಸುಬಿನಲ್ಲಿ ಯಾರೂ ಯಾವತ್ತೂ ಮಾಡದ ಆಕಾರ ಹುಡುಕುತ್ತಾ ಹೋದರೆ ಆಯಸ್ಸು ಸಾಲುವುದಿಲ್ಲ. ಆದರೆ ಅಮೆರಿಕದಲ್ಲಿ 1990ರ ಒಂದು ಕಾನೂನು ಇದೆ. ಅಲ್ಲಿನ ಮೂಲನಿವಾಸಿಗಳು ಮಾಡದ ವಸ್ತುವನ್ನು ಅವರು ಮಾಡಿದ್ದು ಅನ್ನಿಸುವ ಹಾಗೆ ಮಾರುವಂತಿಲ್ಲ. ಅಂದರೆ ಮರದ ತಟ್ಟೆಗೆ 'ನವಾಹೋ ತಟ್ಟೆ' ಅಂತ ಚೀಟಿ ಅಂಟಿಸಿ ಮಾರಿದರೆ ತಪ್ಪಿಗೆ ಸಿಕ್ಕಿಕೊಳ್ಳಬಹುದು. ಇದರಿಂದ ಕೆಲವರು ಕಲಿತಿರುವ ಪಾಠ ಏನೆಂದರೆ ಹೆಸರೇ ಎತ್ತದಿರುವುದು. ನನಗೆ ಅದು ಒಪ್ಪಿಗೆ ಇಲ್ಲ. 'ನವಾಹೋ ಹೆಣೆಗಾರರ ಬುಟ್ಟಿ ನೋಡಿ ಮರದಲ್ಲಿ ನಾನು ಮಾಡಿದ್ದು' ಅಂತ ನೆಟ್ಟಗೆ ಬರೆದರೆ ಯಾರಿಗೂ ಮೋಸ ಇಲ್ಲ, ಅಲ್ವಾ?

ಒಂದು ವಿಷಯ ನನಗೆ ಈಚೆಗಷ್ಟೇ ಕಣ್ಣಿಗೆ ಬಿತ್ತು. ನಮ್ಮ ಟೂಲ್‌ಗಳಲ್ಲಿ ಎಲ್ಲೆಲ್ಲೂ ಹೆಸರುಗಳಿವೆ. ಲೇತ್‌ನ ತಿರುಗಿಸುವ ತಲೆ, ಅಂದರೆ ಹೆಡ್‌ಸ್ಟಾಕ್, ಅದರ ಒಳಗೆ ಕೂರುವ ಚೂಪಾಗುತ್ತಾ ಹೋಗುವ ಭಾಗ ಮೋರ್ಸ್ ಟೇಪರ್, ಅದು 1860ರ ದಶಕದ ಸ್ಟೀಫನ್ ಮೋರ್ಸ್ ಅವರ ಹೆಸರು. ಅಗಲ ತೂತಿಗೆ ಬಳಸುವ ಫಾರ್ಸ್ಟ್‌ನರ್ ಬಿಟ್ 1874ರಲ್ಲಿ ಪೇಟೆಂಟ್ ಪಡೆದ ಬೆಂಜಮಿನ್ ಫಾರ್ಸ್ಟ್‌ನರ್ ಅವರದು. ಗೌಜ್ (ತೋಡಿರುವ ಉಳಿ) ಹರಿತ ಮಾಡುವಾಗ ಎಲ್ಸ್‌ವರ್ತ್ ಗ್ರೈಂಡ್ ಅನ್ನುತ್ತೇವೆ. ಡೇವಿಡ್ ಎಲ್ಸ್‌ವರ್ತ್ 1970ರ ದಶಕದಲ್ಲಿ ಬಗ್ಗಿಸಿದ ಟೂಲ್ ಮಾಡಿಕೊಂಡು ಸಣ್ಣ ಬಾಯಿಯೊಳಗಿಂದ ಮರದ ಹೊಟ್ಟೆ ಪೂರ್ತಿ ಕೊರೆದು ತೋರಿಸಿದವರು, 1986ರಲ್ಲಿ ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್ ಶುರುವಾದಾಗ ಅದರ ಮೊದಲ ಅಧ್ಯಕ್ಷರು. ದಿನಕ್ಕೆ ಹತ್ತು ಸಲ ಈ ಹೆಸರುಗಳನ್ನು ಹೇಳುತ್ತೇವೆ, ನಾಲಿಗೆಗೆ ಭಾರ ಆಗುವುದಿಲ್ಲ. ಕಬ್ಬಿಣದ ಟೂಲ್‌ಗೆ ಹೆಸರು ಉಳಿಸಿಕೊಟ್ಟ ನಾವು ಡಿಸೈನ್‌ಗೆ ಮಾತ್ರ ನಂಬರ್ ಹಾಕುತ್ತೇವೆ.

ನಕಲು ಮಾಡಬಾರದು ಅಂತ ನಾನು ಹೇಳುತ್ತಿಲ್ಲ. ನಕಲು ಮಾಡದೆ ಯಾರೂ ಕಲಿತಿಲ್ಲ. ಜರ್ಮನಿಯ ಹಾನ್ಸ್ ವೈಸ್‌ಫ್ಲೋಗ್ ಅವರ ಕೆಲಸ ನೋಡಿದ್ದೀರಾ? ಮರದ ಒಂದು ಮುಖದಲ್ಲಿ ಸುತ್ತು ಗೆರೆಗಳನ್ನು ಅರ್ಧ ಆಳಕ್ಕೆ ಕೊರೆಯುತ್ತಾರೆ. ಆಮೇಲೆ ಕೇಂದ್ರ ಸರಿಸಿ ಹಿಂಬದಿಯಿಂದ ಮತ್ತೆ ಕೊರೆಯುತ್ತಾರೆ. ಎರಡೂ ಗೆರೆ ಸಂಧಿಸಿದ ಕಡೆಯಲ್ಲೆಲ್ಲ ತೂತು ಬೀಳುತ್ತದೆ, ಮರ ಜಾಲರಿಯಾಗುತ್ತದೆ. ಗರಗಸ ಇಲ್ಲ, ಡ್ರಿಲ್ ಇಲ್ಲ, ಎಲ್ಲ ಲೇತ್‌ನಲ್ಲೇ. ಇದು ಹೇಗೆ ಅಂತ ತಿಳಿಯಲು ನಾನು ಒಂದು ಇಡೀ ಬೇಸಿಗೆ ಅವರ ಜಾಲರಿಯನ್ನು ನಕಲು ಮಾಡಿದ್ದೇನೆ. ಏಳು ತುಂಡು ಒಡೆದವು, ಎಂಟನೆಯದು ನಿಂತಿತು. ಕೊರೆಯುವ ಆಳದ ಬಗ್ಗೆ, ಮರ ಎಷ್ಟು ತೆಳು ತಡೆಯುತ್ತದೆ ಅನ್ನುವ ಬಗ್ಗೆ ಆ ಏಳು ತುಂಡು ಕಲಿಸಿದಷ್ಟು ಬೇರೆ ಏನೂ ಕಲಿಸಿಲ್ಲ. ಆ ಎಂಟನೆಯದು ನನ್ನ ಮನೆಯಲ್ಲೇ ಇದೆ. ಯಾರಾದರೂ ನೋಡಿ ಹೊಗಳಿದರೆ "ಇದು ವೈಸ್‌ಫ್ಲೋಗ್ ಅವರ ಯೋಚನೆ, ನಾನು ಕೈ ಪಳಗಿಸಲು ಮಾಡಿದ್ದು" ಅನ್ನುತ್ತೇನೆ. ಮಾರುವುದಿಲ್ಲ, ಸ್ಪರ್ಧೆಗೆ ಕಳಿಸುವುದಿಲ್ಲ. ಅದರಿಂದ ನನಗೇನೂ ಕಡಿಮೆಯಾಗಿಲ್ಲ. ಇದನ್ನು ಹೇಳಿದ ಮೇಲೆ ಮಾತು ಇನ್ನೂ ಬೆಳೆಯುತ್ತದೆ, ಅವರೂ ವೈಸ್‌ಫ್ಲೋಗ್ ಅವರನ್ನು ಹುಡುಕಿ ನೋಡುತ್ತಾರೆ.

ಹೆಸರು ಹೇಳುವುದರಲ್ಲೂ ಬೇರೆ ಬೇರೆ ಥರ ಇದೆ, ಇದನ್ನು ಕಲಿಸುವ ಕೋರ್ಸ್ ನಾನು ಎಲ್ಲೂ ನೋಡಿಲ್ಲ. ಅಳತೆ, ಆಕಾರ, ಬಣ್ಣ ಎಲ್ಲ ನೋಡಿಕೊಂಡು ಹಾಗೇ ಮಾಡಿದರೆ ಅದು 'ಇಂಥವರ ಮಾದರಿ'. ಕೆಲಸದ ವಿಧಾನ ಅವರದು, ಆಕಾರ ನನ್ನದು ಅಂದರೆ 'ಇಂಥವರಿಂದ ಕಲಿತದ್ದು'. ಒಂದು ಕೆಲಸ ನೋಡಿ ಮನಸ್ಸಿನಲ್ಲಿ ಏನೋ ಹೊಳೆದು ಬೇರೆಯೇ ಒಂದು ಹುಟ್ಟಿದರೆ 'ಇದನ್ನು ನೋಡಿ ಹುಟ್ಟಿದ್ದು'. ಎಲ್ಲದಕ್ಕೂ ಸುಮ್ನೆ 'ಪ್ರೇರಣೆ' ಅಂತ ಒಂದೇ ಪದ ಅಂಟಿಸುವುದು ನನಗೆ ಸರಿ ಕಾಣುವುದಿಲ್ಲ. ಅಚ್ಚೊತ್ತಿದ ಹಾಗೆ ನಕಲು ಮಾಡಿ ಅದನ್ನು ಪ್ರೇರಣೆ ಅಂದರೆ ಆ ಪದಕ್ಕೇ ಬೆಲೆ ಹೋಗುತ್ತದೆ.

ಮೇಷ್ಟ್ರಿಗೆ ಒಂದು ಉದ್ದ ಇಮೇಲ್ ಬರೆದೆ. ಸಿಟ್ಟಿನಲ್ಲಿ ಬರೆಯಲಿಲ್ಲ. 4ನೇ ಪಾಠದ ಪೆನ್ಸಿಲ್ ಉಪಾಯಕ್ಕೆ ಥ್ಯಾಂಕ್ಸ್ ಹೇಳಿ ಶುರು ಮಾಡಿದೆ, ಆಮೇಲೆ ದಾರಿಯ ವಿಷಯ, ಸೀಟ್ಜ್‌ಮನ್, ನಿಟ್‌ಮನ್ ವಿಷಯ. ನಾಲ್ಕನೇ ದಿನ ಉತ್ತರ ಬಂತು, ಅದೂ ಉದ್ದವಾಗಿತ್ತು. ತಾವು ಇದನ್ನು ತಮ್ಮ ಮೇಷ್ಟ್ರ ಹತ್ತಿರ ಕಲಿತಿದ್ದು, ಅವರೂ ಯಾರ ಹೆಸರೂ ಹೇಳಿರಲಿಲ್ಲ, ಡಿಸೈನ್ ಹಾಳೆಗಳು ಅವರಿಂದಲೇ ಬಂದಿದ್ದು ಅಂತ ಬರೆದಿದ್ದರು. ನಂಬಿದೆ. ಹೀಗೇ ಅಲ್ವಾ ಆಗುವುದು? ಒಬ್ಬರು ಒಂದು ಹೆಸರು ಬಿಟ್ಟರೆ ಅವರ ಶಿಷ್ಯರಿಗೆ ಅದು ಬಿಟ್ಟಿದ್ದು ಅಂತಲೂ ಗೊತ್ತಿರುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಗಾದೆ ಇದೆ, ಇಲ್ಲಿ ಎರಡನೇ ತಲೆಮಾರಿಗೆ ಅಂಬಿಗನೊಬ್ಬ ಇದ್ದ ಅನ್ನುವುದೇ ತಿಳಿದಿಲ್ಲ.

ಅವರು ಇನ್ನೊಂದು ಪ್ರಶ್ನೆ ಕೇಳಿದ್ದರು, ಅದು ಒಳ್ಳೆಯ ಪ್ರಶ್ನೆ. "ಹೆಸರು ಹೇಳಲು ಶುರು ಮಾಡಿದರೆ ಎಲ್ಲಿ ನಿಲ್ಲಿಸುವುದು? ಲೇತ್ ಕಂಡುಹಿಡಿದವರ ತನಕ ಹೋಗಬೇಕಾ?" ನಾನು ಎರಡು ದಿನ ಯೋಚಿಸಿ ಉತ್ತರ ಬರೆದೆ. ನನ್ನ ಅಳತೆ ಇದು: ಈ ವ್ಯಕ್ತಿಯ ಕೆಲಸವನ್ನು ನಾನು ನೋಡದೇ ಇದ್ದಿದ್ದರೆ ಈ ತಟ್ಟೆ ಹೀಗೆ ಇರುತ್ತಿತ್ತಾ? ಇರುತ್ತಿರಲಿಲ್ಲ ಅಂದರೆ ಹೆಸರು ಬರಬೇಕು. ಉಬ್ಬು ಸುತ್ತು ತೆಗೆಯುವುದು ಎಲ್ಲರ ಸೊತ್ತು, ಹಳೆಯ ಮಂಚದ ಕಾಲಿನಲ್ಲೂ ಇದೆ, ಅದಕ್ಕೆ ಹೆಸರು ಬೇಡ. ಉಬ್ಬನ್ನು ಸುಟ್ಟು ಚೌಕ ಮಾಡಿ ಬುಟ್ಟಿ ಕಾಣಿಸುವುದಕ್ಕೆ ಬೇಕು. ಮದುವೆ ಬುಟ್ಟಿಯ ಡಿಸೈನ್‌ಗೆ ಬೇಕೇ ಬೇಕು. ಯಾರಿಂದ ಬಂತು ಅಂತ ಗೊತ್ತೇ ಇಲ್ಲದಿದ್ದರೆ 'ಮೂಲ ಗೊತ್ತಿಲ್ಲ' ಅಂತಲೇ ಬರೆಯಬಹುದು. ಓದಿದವರಲ್ಲಿ ಒಬ್ಬರಿಗಾದರೂ ಗೊತ್ತಿರುತ್ತದೆ.

ಈಗಿನ ಸ್ಥಿತಿ ಹೇಳಿಬಿಡುತ್ತೇನೆ, ಸೇರುವವರಿಗೆ ಬೇಕಾಗುತ್ತದೆ. 3ನೇ ಹಾಳೆಯನ್ನು ಮೇಷ್ಟ್ರು ತೆಗೆದು ಹೊಸದು ಹಾಕಿದ್ದಾರೆ, ಅದರಲ್ಲಿ ದಾರಿ ಇದೆ, ಎಲ್ಲಿಂದ ಬಂದ ಡಿಸೈನ್ ಅಂತ ಎರಡು ಸಾಲೂ ಇದೆ. ಮೊದಲ ಪಾಠದ ಕೆಳಗೆ ಇಬ್ಬರು ಟರ್ನರ್‌ಗಳ ಹೆಸರು ಸೇರಿಸಿದ್ದಾರೆ. ವಿಡಿಯೊ ಒಳಗೆ ಇನ್ನೂ ಹಳೆಯ ಮಾತೇ ಇದೆ, 'ನಾನು ರೂಪಿಸಿದ ವಿಧಾನ' ಅಂತ ಎರಡು ಕಡೆ ಬರುತ್ತದೆ. ಉಳಿದ 5 ಹಾಳೆಗಳ ಮೇಲೆ ಇವತ್ತಿಗೂ ಬರೀ ನಂಬರ್. ಅವುಗಳನ್ನೂ ಸರಿಪಡಿಸುತ್ತೇನೆ ಅಂದಿದ್ದಾರೆ. ಇಷ್ಟಾದರೂ ಮಾಡಿದ್ದಕ್ಕೆ ನನಗೆ ಅವರ ಮೇಲೆ ಗೌರವ ಜಾಸ್ತಿಯೇ ಆಯಿತು, ಎಷ್ಟೋ ಜನ ಇಮೇಲ್‌ಗೆ ಉತ್ತರವನ್ನೇ ಕೊಡುವುದಿಲ್ಲ.

ಕೈಕೆಲಸ ಕಲಿಸುವುದಕ್ಕೆ 5ಕ್ಕೆ 5. ಮೂಲ ಹೇಳುವುದಕ್ಕೆ ಮೊದಲು ಸೊನ್ನೆ ಕೊಡಬೇಕಿತ್ತು, ತಿದ್ದಿದ ಮೇಲೆ 5ಕ್ಕೆ 2. ಸೇರಬಹುದಾ ಅಂತ ಕೇಳಿದರೆ ಸೇರಿ ಅನ್ನುತ್ತೇನೆ. ಬೌಲ್, ತಟ್ಟೆ ಕಡೆಯಲು ಆಗಲೇ ಬರುವವರು ಸೇರಿ, ಲೇತ್ ಹೊಸದಾಗಿ ಹಿಡಿದವರಿಗೆ ಇದು ಬೇಗ ಆಯಿತು. ಹಾಳೆ ಪ್ರಿಂಟ್ ಹಾಕುವ ಮುಂಚೆ ಆ ಡಿಸೈನ್ ಎಲ್ಲಿಯದು ಅಂತ ಒಂದು ಸಂಜೆ ಹುಡುಕಿ. ನಿಜವಾದ ಬುಟ್ಟಿಗಳ ಫೋಟೊಗಳನ್ನು ಮ್ಯೂಸಿಯಂಗಳ ಸಂಗ್ರಹದಲ್ಲಿ ನೋಡಿ, ಹೆಣೆದವರ ಹೆಸರು ಇದ್ದರೆ ಬರೆದಿಟ್ಟುಕೊಳ್ಳಿ. ಬಣ್ಣ ತುಂಬಲು ಐದು ವಾರ ಕೊಡುತ್ತೀರಿ, ಇದಕ್ಕೆ ಒಂದು ಸಂಜೆ ದೊಡ್ಡದಲ್ಲ.

ನನ್ನ ಮೊದಲ ತಟ್ಟೆಯನ್ನು ಒಡೆಯಲಿಲ್ಲ, ಮಾರಲೂ ಇಲ್ಲ. ಕಾರ್ಡ್ ಬದಲಿಸಿದೆ. ಈಗ ಅದರಲ್ಲಿ 'ನವಾಹೋ ಮದುವೆ ಬುಟ್ಟಿಯ ಡಿಸೈನ್ ನೋಡಿ ಮಾಡಿದ್ದು, ಇದರಲ್ಲಿ ಇರಬೇಕಾದ ದಾರಿ ಬಿಟ್ಟುಹೋಗಿದೆ' ಅಂತ ಇದೆ. ಜನ ಮರ ಮುಟ್ಟಿ ನೋಡುವುದಕ್ಕಿಂತ ಜಾಸ್ತಿ ಹೊತ್ತು ಈಗ ಆ ಸಾಲು ಓದುತ್ತಾ ನಿಲ್ಲುತ್ತಾರೆ, ಯಾವ ದಾರಿ ಅಂತ ಕೇಳುತ್ತಾರೆ.

ಮೂರನೇ ತಟ್ಟೆಗೆ ಯಾವ ಹಾಳೆಯನ್ನೂ ತೆಗೆದುಕೊಂಡಿಲ್ಲ. ಆ ಮರದ ತುಂಡು ಕತ್ತರಿಸಿದಾಗ ಉಳಿದ ಕೊನೆಯಲ್ಲಿ ಅದರ ವರ್ಷದ ಉಂಗುರಗಳು ಚೆನ್ನಾಗಿ ಕಾಣುತ್ತಿದ್ದವು. ಭೂತಗನ್ನಡಿ ಹಿಡಿದು 38 ಉಂಗುರಗಳನ್ನು ಅಳೆದೆ. ಮರ ಚೆನ್ನಾಗಿ ಬೆಳೆದ ವರ್ಷಕ್ಕೆ ಜಾಸ್ತಿ ಚೌಕ ಖಾಲಿ, ಕಷ್ಟಪಟ್ಟ ವರ್ಷಕ್ಕೆ ಜಾಸ್ತಿ ಚೌಕ ಕಪ್ಪು. ಒಳಗಿನಿಂದ ಹೊರಕ್ಕೆ ಒಂದೊಂದು ಸುತ್ತು ಒಂದೊಂದು ವರ್ಷ. ಇಂಥದ್ದನ್ನು ಬೇರೆ ಯಾರೂ ಮಾಡಿಲ್ಲ ಅಂತ ಹೇಳಲಾರೆ, ನಾನು ನೋಡಿಲ್ಲ ಅಷ್ಟೇ. ಈಗ 22ನೇ ಸುತ್ತಿನಲ್ಲಿ ಇದ್ದೇನೆ, ಅಲ್ಲಿ ನಾಲ್ಕು ಸುತ್ತು ಸಾಲಾಗಿ ಹತ್ತಿರ ಹತ್ತಿರ ಪೂರ್ತಿ ಕಪ್ಪು. ತಟ್ಟೆಯ ತಳದಲ್ಲಿ 6 ಸೆಂಟಿಮೀಟರ್ ಅಗಲದ ಬೋಳು ಜಾಗ ಬಿಟ್ಟಿದ್ದೇನೆ. ಸುಡುವ ಪೆನ್ನಿಂದ ಅಲ್ಲಿ ಏನು ಬರೆಯಬೇಕು ಅಂತ ಕಾಗದದ ಮೇಲೆ ಆಗಲೇ ಬರೆದು ನೋಡಿದ್ದೇನೆ: ಡಿಸೈನ್ ಈ ಮರದ ಉಂಗುರಗಳಿಂದ, ಬುಟ್ಟಿ ಕಾಣಿಸುವ ವಿಧಾನ ಸೀಟ್ಜ್‌ಮನ್ ಮತ್ತು ನಿಟ್‌ಮನ್ ಹಾಕಿಕೊಟ್ಟ ದಾರಿ, ಉಬ್ಬು ತೆಗೆಯಲು ಕಲಿಸಿದ್ದು ನಮ್ಮ ಮೇಷ್ಟ್ರು. ಅವರ ಪೂರ್ತಿ ಹೆಸರು ಅಲ್ಲಿ ಇರುತ್ತದೆ. ಕೊನೆಯ ಸಾಲಿನಲ್ಲಿ ನನ್ನ ಹೆಸರು, ಅಕ್ಷರ ಸ್ವಲ್ಪ ಸಣ್ಣದು ಮಾಡಿದರೆ ಎಲ್ಲ ಹಿಡಿಸುತ್ತದೆ.